ಬರವಣಿಗೆಯ ತರಗತಿ ಮತ್ತು ‘ಮಾತರಿವ’ನ ಮೊದಲ ಮೆಟ್ಟಿಲು

ಪದವಿ ಕಾಲೇಜಿನ ಬರವಣಿಗೆಯ ತರಗತಿಗೆ ಮೊದಲ ದಿನ ಬಂದು ಕುಳಿತುಕೊಳ್ಳುವ ವಿದ್ಯಾರ್ಥಿಯನ್ನು ಬರೆಯಲು ಬಾರದವನೆಂದು ಹೇಳಲಾಗದು. ಶಾಲೆ ಮತ್ತು ಪದವಿಪೂರ್ವ ಹಂತಗಳೆರಡೂ ಕೂಡಿ ಹನ್ನೆರಡು ವರ್ಷ ಅವನು ಬರೆಯುತ್ತಲೇ ಬಂದಿದ್ದಾನೆ. ಕಾಪಿ, ಉಕ್ತಲೇಖನ, ಪದ್ಯದ ಸಾರಾಂಶ, ಗಾದೆಯ ವಿಸ್ತರಣೆ, ಸಂದರ್ಭ ಸೂಚಿಸಿ ಸ್ವಾರಸ್ಯ, ರಜೆಯ ಅರ್ಜಿ ಎಲ್ಲವೂ ಅವನ ಕೈಯಿಂದ ಹಾದುಹೋಗಿವೆ. ಆದರೆ ಇವುಗಳಲ್ಲಿ ಬಹುಪಾಲು ಬರಹ ಬೇರೊಬ್ಬರು ಮೊದಲೇ ಹೇಳಿದ್ದನ್ನು ಮರಳಿ ಹೇಳುವಂಥದು. ಓದುವ ಉಪಾಧ್ಯಾಯರಿಗೆ ಅದರ ವಿಷಯ ಮುಂಚೆಯೇ ತಿಳಿದಿರುತ್ತದೆ. ತನಗೆ ಗೊತ್ತಿದ್ದು, ಓದುವವರಿಗೆ ಗೊತ್ತಿಲ್ಲದ ಸಂಗತಿಯನ್ನು ಬರೆಯಬೇಕಾದ ಪ್ರಸಂಗ ಈ ಹನ್ನೆರಡು ವರ್ಷಗಳಲ್ಲಿ ಒದಗುವುದು ವಿರಳ. ಆದ್ದರಿಂದಲೇ ‘ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸದ ಬಗ್ಗೆ ಒಂದು ಪುಟ ಬರೆಯಿರಿ’ ಎಂದು ಅಧ್ಯಾಪಕರು ಹೇಳಿದೊಡನೆ ತರಗತಿಯಲ್ಲಿ ಮೌನ ಆವರಿಸುತ್ತದೆ. ‘ಎಷ್ಟು ಅಂಕಕ್ಕೆ ಸರ್?’ ಎಂಬ ಒಂದು ಪ್ರಶ್ನೆ ಹಿಂದಿನ ಬೆಂಚಿನಿಂದ ಬರಬಹುದು. ಆಮೇಲೆ ಮತ್ತೆ ಮೌನ.

ಈ ಮೌನವನ್ನು ಸೋಮಾರಿತನವೆಂದು ಬಗೆಯುವುದು ಸುಲಭ. ಆದರೆ ಅದರ ಹಿಂದೆ ಎರಡು ನಂಬಿಕೆಗಳು ಕೆಲಸಮಾಡುತ್ತಿರುತ್ತವೆ. ತನಗೆ ಗೊತ್ತಿರುವುದು ಬರೆಯಲು ಯೋಗ್ಯವಾದದ್ದಲ್ಲ ಎಂಬುದು ಒಂದು. ತಾನು ಅದನ್ನು ಬಲ್ಲ ಭಾಷೆ, ಅಂದರೆ ಮನೆಯ ಮಾತು, ಬರಹಕ್ಕೆ ಸಲ್ಲುವ ಭಾಷೆಯಲ್ಲ ಎಂಬುದು ಇನ್ನೊಂದು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ತಾವೇ ಆಗಿರುವ ವಿದ್ಯಾರ್ಥಿಗಳಲ್ಲಿ ಈ ಎರಡು ನಂಬಿಕೆಗಳೂ ಗಟ್ಟಿಯಾಗಿರುತ್ತವೆ. ಬರವಣಿಗೆಯ ಪಠ್ಯಕ್ರಮ ಎಷ್ಟೇ ಅಚ್ಚುಕಟ್ಟಾಗಿರಲಿ, ಮೊದಲ ಕೆಲವು ವಾರಗಳಲ್ಲಿ ಈ ನಂಬಿಕೆಗಳು ಸಡಿಲವಾಗದಿದ್ದರೆ ಉಳಿದುದೆಲ್ಲ ಪರೀಕ್ಷೆಯ ಸಿದ್ಧತೆಯಾಗಿ ಮುಗಿಯುತ್ತದೆ.

ಇದಕ್ಕೆ ಪರಿಹಾರವನ್ನು ಹೊರಗೆಲ್ಲೋ ಹುಡುಕಬೇಕಾಗಿಲ್ಲ. ಇಂದು ದೊರಕುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ ‘ಕವಿರಾಜಮಾರ್ಗ’ವೇ ಒಂದು ಅರ್ಥದಲ್ಲಿ ಬರವಣಿಗೆಯ ಪಾಠಪುಸ್ತಕ. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರ ವೇಳೆಗೆ ಶ್ರೀವಿಜಯನು ರಚಿಸಿದ ಈ ಲಕ್ಷಣಗ್ರಂಥವನ್ನು ಕೆ.ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅಂದಿನಿಂದ ವಿದ್ವಾಂಸರು ಇದರ ಕರ್ತೃತ್ವವನ್ನು, ದಂಡಿಯ ‘ಕಾವ್ಯಾದರ್ಶ’ಕ್ಕೆ ಇದು ಎಷ್ಟು ಋಣಿ ಎಂಬುದನ್ನು, ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡಿನ ವರ್ಣನೆಯನ್ನು ಕುರಿತು ವಿಪುಲವಾಗಿ ಬರೆದಿದ್ದಾರೆ. ಹೊಸದಾಗಿ ಬರೆಯಲು ಹೊರಟವನ ಕೈಹಿಡಿದು ನಡೆಸುವ ಪುಸ್ತಕವೆಂದು ಇದನ್ನು ಓದುವ ರೂಢಿ ಮಾತ್ರ ಕಡಿಮೆ. ಪುಸ್ತಕದ ಹೆಸರಿನಲ್ಲಿರುವ ‘ಮಾರ್ಗ’ ಎಂಬ ಮಾತನ್ನು ಅದರ ಸರಳಾರ್ಥದಲ್ಲಿಯೇ ತೆಗೆದುಕೊಂಡರೆ, ಇದು ದಾರಿ ತೋರಿಸುವ ಗ್ರಂಥ.

ಗ್ರಂಥದ ಆರಂಭಭಾಗದಲ್ಲಿಯೇ ಶ್ರೀವಿಜಯ ಬಲ್ಲವರನ್ನು ನಾಲ್ಕು ಮೆಟ್ಟಿಲುಗಳಲ್ಲಿ ನಿಲ್ಲಿಸುತ್ತಾನೆ. ತನ್ನ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ಅರಿವಾಗುವಂತೆ ಮಾಡಬಲ್ಲವನನ್ನು ಅವನು ಮಾತು ಬಲ್ಲವನೆಂದು, ಮಾತರಿವನೆಂದು ಕರೆಯುತ್ತಾನೆ. ಕೆಲವೇ ಮಾತುಗಳಲ್ಲಿ ಹೆಚ್ಚಿನ ಅರ್ಥವನ್ನು ಮುಟ್ಟಿಸುವ ನಿಪುಣ ಇವನ ಮೇಲಿನ ಮೆಟ್ಟಿಲಿನವನು. ಛಂದಸ್ಸಿಗೆ ಹೊಂದಿಸಿ ನುಡಿಯನ್ನು ಹೆಣೆಯುವ ಜಾಣ ಮೂರನೆಯ ಮೆಟ್ಟಿಲಿನವನು. ಎಡವದೆ ಮಹಾಕೃತಿಗಳನ್ನು ರಚಿಸುವವನು ಎಲ್ಲರಿಗಿಂತ ಮೇಲಿನವನು. ಕಾವ್ಯಲಕ್ಷಣವನ್ನು ಹೇಳಹೊರಟ ಗ್ರಂಥವೊಂದು ಛಂದಸ್ಸಿಗೆ ಮೂರನೆಯ ಸ್ಥಾನವನ್ನು ಕೊಟ್ಟಿದೆ ಎಂಬುದು ಗಮನಾರ್ಹ. ಮೊದಲ ಸ್ಥಾನ ಅರ್ಥ ಮುಟ್ಟಿಸುವ ಕೆಲಸಕ್ಕೆ. ಈ ಕೆಲಸದಲ್ಲಿ ‘ಇನ್ನೊಬ್ಬ’ ಇದ್ದಾನೆ ಎಂಬುದೂ ಅಷ್ಟೇ ಮುಖ್ಯ. ಮನಸ್ಸಿನಲ್ಲಿದ್ದುದನ್ನು ಹೊರಹಾಕಿದ ಮಾತ್ರಕ್ಕೆ ಯಾರೂ ಮಾತರಿವರಾಗುವುದಿಲ್ಲ, ಅದು ಕೇಳುವವನನ್ನು ತಲುಪಿರಬೇಕು.

ಇಂದಿನ ವಿದ್ಯಾರ್ಥಿ ಈ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಇಳಿಯಲು ಯತ್ನಿಸುತ್ತಾನೆ. ‘ನನ್ನ ಊರು’ ಎಂಬ ವಿಷಯ ಕೊಟ್ಟರೆ ಪ್ರಕೃತಿ ಮಾತೆಯ ಮಡಿಲು, ಹಚ್ಚಹಸಿರಿನ ಸೊಬಗು, ಹಕ್ಕಿಗಳ ಚಿಲಿಪಿಲಿ, ಮುಗ್ಧ ಜನ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಊರು ಮಂಡ್ಯದ ಕಡೆಯದೋ, ಸಿಂಧನೂರಿನ ಕಡೆಯದೋ, ಕುಂದಾಪುರದ ಕಡೆಯದೋ ಎಂಬುದು ಆ ಪುಟದಿಂದ ಗೊತ್ತಾಗುವುದಿಲ್ಲ. ಮಹಾಕೃತಿಗಳಿಂದ ಉದುರಿ, ಗೈಡುಗಳಲ್ಲಿ ಸವೆದು ಬಂದ ಅಲಂಕಾರಗಳು ಅಲ್ಲಿರುತ್ತವೆ, ಊರು ಮಾತ್ರ ಇರುವುದಿಲ್ಲ. ಅಧ್ಯಾಪಕರು ಇಂಥ ಪುಟಕ್ಕೆ ಹತ್ತಕ್ಕೆ ಏಳು ಅಂಕ ಕೊಟ್ಟು ಮುಂದೆ ಹೋಗುತ್ತಾರೆ, ಏಕೆಂದರೆ ಕಾಗುಣಿತ ಸರಿಯಿದೆ. ವಿದ್ಯಾರ್ಥಿಯೂ ಇದೇ ಬರವಣಿಗೆ ಎಂದು ಖಚಿತಪಡಿಸಿಕೊಳ್ಳುತ್ತಾನೆ.

ಅದೇ ವಿದ್ಯಾರ್ಥಿ ಮಂಡ್ಯದ ಕಡೆಯವನೆಂದೂ ಅವನ ಮನೆಯವರು ಆಲೆಮನೆ ನಡೆಸುವವರೆಂದೂ ಇಟ್ಟುಕೊಳ್ಳಬಹುದು. ಬೆಲ್ಲ ಮಾಡುವುದನ್ನು ಎಂದೂ ನೋಡದ, ಕರಾವಳಿಯಿಂದ ಬಂದ ಸಹಪಾಠಿಗೆ ಅದನ್ನು ವಿವರಿಸಿ ಬರೆಯಬೇಕೆಂದು ಹೇಳಿದರೆ ಅವನ ಪುಟ ಬೇರೆಯಾಗುತ್ತದೆ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ತುಂಬುವುದು, ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಉರುವಲಾಗಿ ನೂಕುವುದು, ಕುದಿಯುವಾಗ ಮೇಲೆ ಬರುವ ಮಡ್ಡಿಯನ್ನು ತೆಗೆಯುತ್ತಾ ಹೋಗುವುದು, ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುವುದು, ಹದ ಮೀರುವ ಮುಂಚೆ ಇಳಿಸಿ ಅಚ್ಚಿಗೆ ಹೊಯ್ಯುವುದು ಎಲ್ಲವನ್ನೂ ಅವನು ಕ್ರಮವಾಗಿ ಹೇಳಲೇಬೇಕಾಗುತ್ತದೆ. ಕ್ರಮ ತಪ್ಪಿದರೆ ಓದುವವನಿಗೆ ಬೆಲ್ಲವಾಗುವುದಿಲ್ಲ. ‘ಹದ’ ಎಂಬ ಒಂದು ಮಾತನ್ನು ಬಿಡಿಸಿ ಹೇಳಲು ಅವನು ಮೂರು ವಾಕ್ಯಗಳನ್ನು ತಿದ್ದಿ ತಿದ್ದಿ ಬರೆಯುತ್ತಾನೆ. ಆ ತಿದ್ದುವಿಕೆಯಲ್ಲಿ ಅವನು ಮೊದಲ ಮೆಟ್ಟಿಲನ್ನು ಹತ್ತಿರುತ್ತಾನೆ. ಮುಂದೆ ಅದೇ ಮೂರು ವಾಕ್ಯಗಳನ್ನು ಒಂದಕ್ಕೆ ಇಳಿಸಿಕೊಳ್ಳುವುದು ಹೇಗೆಂದು ಅವನಿಗೆ ತೋರಿಸಿದರೆ ಎರಡನೆಯ ಮೆಟ್ಟಿಲೂ ದೂರವಿಲ್ಲ.

ಎರಡನೆಯ ನಂಬಿಕೆ ಇದಕ್ಕಿಂತ ಆಳವಾದುದು. ಧಾರವಾಡದ ಕಡೆಯ ವಿದ್ಯಾರ್ಥಿನಿ ‘ಬಂದಾನ’ ಎಂದು ಬರೆದಾಗ, ಮಂಡ್ಯದ ಕಡೆಯವನು ‘ಬಂದವ್ನೆ’ ಎಂದು ಬರೆದಾಗ, ಅಕಾರ ಹಕಾರಗಳು ಅದಲುಬದಲಾದಾಗ ಕೆಂಪು ಶಾಯಿ ಬೀಳುತ್ತದೆ. ತಿದ್ದುವುದು ಅಧ್ಯಾಪಕರ ಕರ್ತವ್ಯವೇ ಸರಿ. ಆದರೆ ಆ ಕೆಂಪು ಗೆರೆಯ ಪಕ್ಕದಲ್ಲಿ ‘ಇದು ಕನ್ನಡವಲ್ಲ’ ಎಂಬ ಟಿಪ್ಪಣಿ ಸೇರಿದರೆ ತಿದ್ದುವಿಕೆ ನಿಂತು ಬಹಿಷ್ಕಾರ ಆರಂಭವಾಗುತ್ತದೆ. ಆ ಟಿಪ್ಪಣಿಯನ್ನು ಒಮ್ಮೆ ಓದಿದವಳು ಮುಂದಿನ ಪ್ರಬಂಧವನ್ನು ಗೈಡಿನಿಂದ ನಕಲು ಮಾಡುತ್ತಾಳೆ. ಅದರಲ್ಲಿ ಒಂದು ತಪ್ಪೂ ಇರುವುದಿಲ್ಲ, ಅವಳದೆಂಬ ಒಂದು ಮಾತೂ ಇರುವುದಿಲ್ಲ.

ಈ ವಿಷಯದಲ್ಲಿ ಶ್ರೀವಿಜಯನ ಎಚ್ಚರ ಇಂದಿನವರಲ್ಲಿಯೂ ಅಪರೂಪವಾದುದು. ಕನ್ನಡವನ್ನು ಅವನು ಬಹುವಚನದಲ್ಲಿ, ‘ಕನ್ನಡಂಗಳ್’ ಎಂದು ಕಾಣುತ್ತಾನೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಇವುಗಳಲ್ಲಿ ದೋಷ ಇಂತಿಷ್ಟೇ ಎಂದು ಲೆಕ್ಕಹಾಕಲು ಹೊರಟರೆ ಸಾವಿರ ಹೆಡೆಯ ವಾಸುಕಿಗೂ ತಿಳಿಯಲಾರದೆ ಬೇಸರವಾದೀತು ಎಂಬುದು ಅವನ ಅಭಿಪ್ರಾಯ. ದೋಷವಿಚಾರಕ್ಕೆ ಗ್ರಂಥದ ಮೊದಲ ಪರಿಚ್ಛೇದವನ್ನೇ ಮೀಸಲಿಟ್ಟ ಲಕ್ಷಣಕಾರ ಹೀಗೆ ಹೇಳುತ್ತಾನೆ ಎಂಬುದನ್ನು ಮರೆಯಬಾರದು. ದೋಷಗಳು ಇಲ್ಲವೆಂದು ಅವನು ಹೇಳುವುದಿಲ್ಲ. ಒಂದು ದೇಸಿಯ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಲೆಕ್ಕ ಮುಗಿಯುವುದಿಲ್ಲ ಎಂಬುದನ್ನು ಅವನು ಬಲ್ಲ. ನಾಡಿನ ಜನ ಓದಿನ ಹಂಗಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂಬ ಅವನ ಪ್ರಸಿದ್ಧವಾದ ಮೆಚ್ಚುಗೆಯನ್ನೂ ಇದರ ಜೊತೆಗಿಟ್ಟು ಓದಬೇಕು. ಸಾಮಾನ್ಯವಾಗಿ ನಾಡಿನ ಹೆಮ್ಮೆಯ ಮಾತಾಗಿ ಉದ್ಧೃತವಾಗುವ ಆ ಹೇಳಿಕೆ ಬರವಣಿಗೆಯ ತರಗತಿಯಲ್ಲಿ ಒಂದು ಬೋಧನಕ್ರಮವೇ ಆಗಬಲ್ಲದು. ಕಲಿಯಲು ಬಂದವನು ಬರಿಗೈಯಲ್ಲಿ ಬಂದಿಲ್ಲ ಎಂದು ಒಪ್ಪಿಕೊಂಡು ಪಾಠ ಆರಂಭಿಸುವುದೇ ಆ ಕ್ರಮ.

ಇಲ್ಲಿ ಇತಿಹಾಸದ ಒಂದು ವ್ಯಂಗ್ಯವೂ ಇದೆ. ಕನ್ನಡದ ತಿರುಳು ಇರುವ ಸೀಮೆಯೆಂದು ಶ್ರೀವಿಜಯ ಗುರುತಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ ಮತ್ತು ಒಕ್ಕುಂದಗಳ ನಡುವಿನ ನಾಡನ್ನು. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಒಂಬತ್ತನೆಯ ಶತಮಾನದಲ್ಲಿ ಕನ್ನಡದ ಮಾದರಿಯಾಗಿದ್ದ ಈ ಊರುಗಳ ಆಸುಪಾಸಿನಿಂದ ಬರುವ ವಿದ್ಯಾರ್ಥಿಗಳೇ ಇಂದು ‘ನಮ್ಮ ಕನ್ನಡ ಶುದ್ಧ ಇಲ್ಲ’ ಎಂದು ಅಳುಕುವುದುಂಟು. ಮಾದರಿ ಭಾಷೆಯ ಕೇಂದ್ರವು ಆಡಳಿತ, ಮುದ್ರಣ, ಶಿಕ್ಷಣಗಳನ್ನು ಅನುಸರಿಸಿ ದಕ್ಷಿಣಕ್ಕೆ ಸರಿದಿದೆ. ಭಾಷೆಯ ಮೇಲ್ಮೆ ಕೀಳ್ಮೆಗಳು ಕಾಲದೇಶಗಳಿಗೆ ತಕ್ಕಂತೆ ಸ್ಥಳ ಬದಲಿಸುತ್ತವೆ ಎಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ. ಈ ಒಂದು ಸಂಗತಿಯನ್ನು ಮೊದಲ ವಾರದಲ್ಲಿ ತಿಳಿಸಿದರೂ ಕೊಪ್ಪಳದ ಹುಡುಗಿಯ ಪೆನ್ನು ಸ್ವಲ್ಪ ಹಗುರವಾಗಿ ಚಲಿಸೀತು. ಬೇಂದ್ರೆಯವರ ಕಾವ್ಯ ಧಾರವಾಡದ ಮಾತಿನ ಲಯವಿಲ್ಲದೆ ಇಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಪ್ರಕಟವಾದಾಗ ಅದರ ನಂಜನಗೂಡು ಸೀಮೆಯ ನುಡಿ ಅನೇಕ ಓದುಗರಿಗೆ ತೊಡಕೆನಿಸಿತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅದೇ ಪುಟಗಳು ಯಾರೋ ಮೊದಲ ವರ್ಷದ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿದ್ದಿದ್ದರೆ ಕೆಂಪು ಶಾಯಿ ಸಾಲುತ್ತಿರಲಿಲ್ಲ.

ಹಾಗೆಂದು ಮನೆಮಾತನ್ನು ಹಾಗೆಯೇ ಹಾಳೆಗೆ ಇಳಿಸಿದರೆ ಬರವಣಿಗೆಯ ಕಲಿಕೆ ಮುಗಿಯಿತೆಂದು ಭಾವಿಸುವುದು ಇನ್ನೊಂದು ಬಗೆಯ ಅನ್ಯಾಯವಾದೀತು. ಅರ್ಜಿ, ವರದಿ, ಪರೀಕ್ಷೆಯ ಉತ್ತರ, ಸಂಶೋಧನ ಲೇಖನ ಇವೆಲ್ಲ ಗ್ರಂಥಸ್ಥ ಭಾಷೆಯನ್ನು ಬೇಡುತ್ತವೆ. ಅದನ್ನು ಕಲಿಸದೆ ಬಿಟ್ಟರೆ ಆ ವಿದ್ಯಾರ್ಥಿಗೆ ಅನೇಕ ಬಾಗಿಲುಗಳು ಮುಚ್ಚಿಯೇ ಇರುತ್ತವೆ. ಶ್ರೀವಿಜಯನೂ ಇಲ್ಲಿ ಕಟ್ಟುನಿಟ್ಟಿನವನು. ಸಂಸ್ಕೃತವನ್ನೂ ಕನ್ನಡವನ್ನೂ ಅರಿಯದೆ ಸಮಾಸಗಳಲ್ಲಿ ಬೆರಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳು ಬಿದ್ದಂತೆ ರಸ ಕೆಡುತ್ತದೆ ಎಂಬುದು ಅವನ ಎಚ್ಚರಿಕೆ. 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನ ಇದೇ ತೊಡಕಿಗೆ ತುಪ್ಪ ಮತ್ತು ಎಣ್ಣೆಗಳ ಬೆರಕೆಯ ಹೋಲಿಕೆಯನ್ನು ಕೊಟ್ಟನು. ಇಬ್ಬರ ಹೋಲಿಕೆಗಳೂ ಅಡುಗೆಮನೆಯಿಂದ ಬಂದವು ಎಂಬುದು ಆಕಸ್ಮಿಕವಲ್ಲ. ಹಾಲು ಒಡೆಯುವುದನ್ನು ಕಂಡ ಯಾರಿಗೂ ಅದು ಅರ್ಥವಾಗುತ್ತದೆ. ಇಂದು ‘ಸಂವೇದನಾಶೀಲತೆಯ ಪ್ರಜ್ಞಾಪೂರ್ವಕ ಅಭಿವ್ಯಕ್ತೀಕರಣ’ ಎಂಬಂಥ ಪದಪುಂಜಗಳನ್ನು ಅರ್ಥ ತಿಳಿಯದೆಯೇ ಪೋಣಿಸುವ ಸ್ನಾತಕೋತ್ತರ ಪ್ರಬಂಧಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ದೊಡ್ಡ ಪದವನ್ನು ಬಳಸಬಾರದೆಂದು ಇದರರ್ಥವಲ್ಲ. ಅದರ ಅರ್ಥವನ್ನು ತನ್ನ ಅಜ್ಜಿಗೆ ಬಿಡಿಸಿ ಹೇಳಬಲ್ಲವನು ಅದನ್ನು ನಿರ್ಭಯವಾಗಿ ಬಳಸಬಹುದು.

ಮೊದಲ ಕರಡು ಕೈಗೆ ಬಂದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಗೂ ಆ ಗ್ರಂಥದಲ್ಲಿ ಉತ್ತರವಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣಲಾರದು, ಹಾಗೆಯೇ ಮನುಷ್ಯ ಏನು ಮಾಡಿದರೂ ತನ್ನ ದೋಷವನ್ನು ತಾನೇ ಕಾಣಲಾರ ಎಂದು ಶ್ರೀವಿಜಯ ಹೇಳುತ್ತಾನೆ. ಈ ಹೋಲಿಕೆಯಲ್ಲಿ ಬೈಗುಳದ ಸುಳಿವಿಲ್ಲ. ಕಾಣದಿರುವುದು ಕಣ್ಣಿನ ತಪ್ಪಲ್ಲ, ಅದರ ಸ್ವಭಾವ. ಆದ್ದರಿಂದ ಬರೆದವನಿಗೆ ಇನ್ನೊಂದು ಜೊತೆ ಕಣ್ಣು ಬೇಕು. ಬರವಣಿಗೆಯ ತರಗತಿಯಲ್ಲಿ ಆ ಕಣ್ಣು ಪಕ್ಕದ ಬೆಂಚಿನಲ್ಲಿಯೇ ಇರುತ್ತದೆ. ಒಬ್ಬರ ಪುಟವನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ, ತಮಗೆ ತಿಳಿದುದೇನೆಂದು ಪುಸ್ತಕ ಮುಚ್ಚಿ ಹೇಳಬೇಕು. ಬರೆದವನು ಹೇಳಬಯಸಿದ್ದಕ್ಕೂ ಕೇಳಿದವನು ಗ್ರಹಿಸಿದ್ದಕ್ಕೂ ನಡುವೆ ಇರುವ ಅಂತರವೇ ಅಂದಿನ ಪಾಠ. ಅಧ್ಯಾಪಕರು ಒಂದು ಪುಟದಲ್ಲಿ ಇಪ್ಪತ್ತು ಗೆರೆಗಳನ್ನು ಎಳೆಯುವುದಕ್ಕಿಂತ, ಅರ್ಥಕ್ಕೆ ಅಡ್ಡಿಯಾದ ಒಂದೆರಡು ದೋಷಗಳನ್ನು ತೋರಿಸಿ ಮತ್ತೆ ಬರೆಸುವುದು ಹೆಚ್ಚು ಫಲಕಾರಿ.

ವ್ಯಾಕರಣದ ಸ್ಥಾನವೇನು ಎಂಬ ಪ್ರಶ್ನೆಗೆ ಹದಿಮೂರನೆಯ ಶತಮಾನದ ಒಂದು ಕುಟುಂಬ ಉತ್ತರ ಕೊಡುತ್ತದೆ. ಹೊಯ್ಸಳರ ಕಾಲದ ಮಲ್ಲಿಕಾರ್ಜುನನು ಹಿಂದಿನ ಕವಿಗಳ ಕೃತಿಗಳಿಂದ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ ಎಂಬ ಸಂಕಲನವನ್ನು ಸಿದ್ಧಪಡಿಸಿದನು. ಅವನ ಮಗ ಕೇಶಿರಾಜನು ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದನು. ‘ಯಶೋಧರ ಚರಿತೆ’ಯ ಕವಿ ಜನ್ನ ಕೇಶಿರಾಜನ ಸೋದರಮಾವ. ಮನೆಯಲ್ಲಿ ಕವಿತೆ ಮೊದಲು, ಸಂಕಲನ ಆಮೇಲೆ, ವ್ಯಾಕರಣ ಕೊನೆಗೆ. ಕೇಶಿರಾಜ ತನ್ನ ಸೂತ್ರಗಳಿಗೆ ಗಜಗ, ಗುಣನಂದಿ, ಅಸಗ, ಶ್ರೀವಿಜಯ ಮೊದಲಾದ ಪೂರ್ವಕವಿಗಳ ಪ್ರಯೋಗಗಳನ್ನೇ ಲಕ್ಷ್ಯವಾಗಿಟ್ಟುಕೊಂಡನು. ಬಳಕೆಯಿಂದ ನಿಯಮ ಹುಟ್ಟಿತು. ವಿದ್ಯಾರ್ಥಿಯೂ ಅದೇ ಕ್ರಮದಲ್ಲಿ ಸಾಗಿದರೆ, ಮೊದಲು ಓದಿ, ಬರೆದು, ತೊಡಕು ಎದುರಾದಲ್ಲಿ ನಿಯಮವನ್ನು ಕೇಳಿದರೆ, ವಿಭಕ್ತಿಪ್ರತ್ಯಯಗಳ ಪಟ್ಟಿ ಬಾಯಿಪಾಠದ ಹೊರೆಯಾಗದೆ ಬೇಕಾದಾಗ ಕೈಗೆ ಸಿಗುವ ಉಪಕರಣವಾಗುತ್ತದೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ‘ಛಂದೋಂಬುಧಿ’ಯನ್ನು ತನ್ನ ಪತ್ನಿಗೆ ಹೇಳುವ ರೀತಿಯಲ್ಲಿ ರಚಿಸಿದ್ದೂ ಸ್ಮರಣೀಯ. ಎದುರಿಗೆ ಕೇಳುವ ವ್ಯಕ್ತಿಯೊಬ್ಬಳಿದ್ದಾಗ ಗಣ ಪ್ರಸ್ತಾರದಂಥ ಶುಷ್ಕ ವಿಷಯವೂ ಸಂಭಾಷಣೆಯ ಬೆಚ್ಚನೆಯನ್ನು ಪಡೆಯುತ್ತದೆ.

ಪ್ರತಿಭೆ ಇಲ್ಲದವರ ಗತಿಯೇನು ಎಂಬುದು ತರಗತಿಯಲ್ಲಿ ಯಾರೂ ಬಾಯಿಬಿಟ್ಟು ಕೇಳದ, ಎಲ್ಲರ ಮನಸ್ಸಿನಲ್ಲಿಯೂ ಇರುವ ಪ್ರಶ್ನೆ. ಹುಟ್ಟಿನಿಂದ ಬಂದ ಪ್ರತಿಭೆ ಇಲ್ಲದಿದ್ದರೂ ಓದು ಮತ್ತು ಪ್ರಯತ್ನಗಳಿಂದ ಸೇವಿಸಿದವರಿಗೆ ವಾಗ್ದೇವಿ ಸ್ವಲ್ಪವಾದರೂ ಅನುಗ್ರಹ ತೋರುತ್ತಾಳೆ ಎಂದು ದಂಡಿ ಭರವಸೆ ಕೊಟ್ಟಿದ್ದಾನೆ. ಕಾಲೇಜಿನ ತರಗತಿ ಕವಿಗಳನ್ನು ಹುಟ್ಟಿಸುವ ಸ್ಥಳವೆಂದು ಯಾರೂ ಹೇಳುವುದಿಲ್ಲ. ಮಾತರಿವರನ್ನು ರೂಪಿಸುವುದು ಮಾತ್ರ ಅದರ ಶಕ್ತಿಗೆ ನಿಲುಕುವ ಕೆಲಸ. ಅದಕ್ಕೆ ಓದು ಮತ್ತು ಪ್ರಯತ್ನಗಳೇ ಸಾಕು.

ಆಧುನಿಕ ಕನ್ನಡದ ಚರಿತ್ರೆಯಲ್ಲಿ ಹೀಗೆ ಆರಂಭದ ದಾರಿಯನ್ನು ಬದಲಿಸಿಕೊಂಡ ಒಂದು ಉಜ್ಜ್ವಲ ನಿದರ್ಶನವಿದೆ. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ತರುಣ ಕೆ.ವಿ. ಪುಟ್ಟಪ್ಪ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಪ್ರಕಟವಾದ ಅವರ ಮೊದಲ ಸಂಕಲನದ ಹೆಸರು ‘ಬಿಗಿನರ್ಸ್ ಮ್ಯೂಸ್’. ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಾಗ ಆ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಸಲಹೆ ಕೊಟ್ಟರು. ಆ ಸಲಹೆಯ ಹಿಂದೆಯೇ ಅದನ್ನು ಪೋಷಿಸುವ ವಾತಾವರಣವೂ ಇತ್ತು ಎಂಬುದನ್ನು ಮರೆಯಲಾಗದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿಯೇ ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದ್ದರು. ಮೈಸೂರಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳಿದ್ದರು. ಕುವೆಂಪು ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೇ. ತಾಯ್ನುಡಿಗೆ ತಿರುಗಿದ ಮೇಲೆ ಕುಪ್ಪಳಿಯ ಕಾಡು, ಗದ್ದೆ, ಕೂಲಿಯಾಳುಗಳ ಬದುಕು, ಮಲೆನಾಡಿನ ಮಾತು ಎಲ್ಲವೂ ಬರಹಕ್ಕೆ ಬಂದವು. 1936ರ ‘ಕಾನೂರು ಹೆಗ್ಗಡಿತಿ’ಯಾಗಲಿ 1967ರ ‘ಮಲೆಗಳಲ್ಲಿ ಮದುಮಗಳು’ ಆಗಲಿ ಎರವಲು ನುಡಿಯಲ್ಲಿ ಹುಟ್ಟುವುದು ಶಕ್ಯವಿರಲಿಲ್ಲ. ಮಹಾಕೃತಿಯ ಮೆಟ್ಟಿಲನ್ನು ಮುಟ್ಟಿದವರು ಕೂಡ ಮೊದಲ ಮೆಟ್ಟಿಲಿಗೆ ಬಂದು ನಿಂತು ಹತ್ತಿದವರೇ.

ಇಂದಿನ ವಿದ್ಯಾರ್ಥಿಯ ಮುಂದೆ ಎರವಲಿನ ದಾರಿ ಹಿಂದೆಂದಿಗಿಂತ ನುಣುಪಾಗಿದೆ. ಗೈಡಿನ ಜಾಗಕ್ಕೆ ಮೊಬೈಲು ಬಂದಿದೆ. ವಿಷಯವನ್ನು ಹೇಳಿದರೆ ಸಾಕು, ತಪ್ಪಿಲ್ಲದ ಒಂದು ಪುಟ ಕ್ಷಣದಲ್ಲಿ ಸಿದ್ಧವಾಗುತ್ತದೆ. ಅದನ್ನು ನಿಷೇಧಿಸುವ ಸುತ್ತೋಲೆಗಳಿಂದ ಹೆಚ್ಚಿನ ಪ್ರಯೋಜನವಾಗದು. ಸಿದ್ಧಪುಟಕ್ಕೆ ಗೊತ್ತಿರದ ಸಂಗತಿಯೊಂದು ತನ್ನಲ್ಲಿದೆ ಎಂದು ವಿದ್ಯಾರ್ಥಿಗೆ ಮನವರಿಕೆಯಾದರೆ ಮಾತ್ರ ಅವನು ತಾನೇ ಬರೆಯುವ ಕಷ್ಟಕ್ಕೆ ಒಡ್ಡಿಕೊಂಡಾನು. ತನ್ನ ತಂದೆ ಪಾಕದ ಹದವನ್ನು ಹೇಗೆ ಗುರುತಿಸುತ್ತಾರೆ, ಕೊಪ್ಪಳದ ತನ್ನ ಅಜ್ಜಿ ಬಿತ್ತನೆಯ ಬೀಜವನ್ನು ಹೇಗೆ ಕಾಪಿಡುತ್ತಾಳೆ, ಆ ಕೆಲಸಗಳಿಗೆ ಮನೆಯಲ್ಲಿ ಯಾವ ಮಾತುಗಳಿವೆ ಎಂಬುದನ್ನು ಅವನೋ ಅವಳೋ ಬರೆಯದಿದ್ದರೆ ಇನ್ನೊಬ್ಬರು ಬರೆಯುವ ಸಂಭವ ಕಡಿಮೆ.

ಕೇಶಿರಾಜ ಹೆಸರಿಸಿದ ಕವಿಗಳಲ್ಲಿ ಗಜಗನ ಕೃತಿ ಇಂದು ಉಳಿದಿಲ್ಲ, ಗುಣನಂದಿಯದೂ ಉಳಿದಿಲ್ಲ. ಅಸಗನ ಸಂಸ್ಕೃತ ಕಾವ್ಯ ದೊರಕಿದೆ, ಕನ್ನಡ ಕಾವ್ಯ ದೊರಕಿಲ್ಲ. ಬರೆದಿಟ್ಟದ್ದೇ ಹೀಗೆ ಅಳಿಯುವಾಗ ಬರೆಯದೆ ಬಿಟ್ಟುದರ ಪಾಡು ಹೇಳಬೇಕಾಗಿಲ್ಲ. ಮೊದಲ ವರ್ಷದ ತರಗತಿಯಲ್ಲಿ ತಲೆತಗ್ಗಿಸಿ ಕುಳಿತವರ ನಡುವೆ ಯಾರ ಬಳಿ ಏನಿದೆಯೆಂದು ಮುಂಚಿತವಾಗಿ ತಿಳಿಯುವ ಉಪಾಯವಿಲ್ಲ. ಅವರ ಮುಂದೆ ಒಂದು ಖಾಲಿ ಹಾಳೆಯನ್ನಿಟ್ಟು, ಪಕ್ಕದವರಿಗೆ ತಿಳಿಯದ ಒಂದು ಸಂಗತಿಯನ್ನು ಅವರಿಗೆ ತಿಳಿಯುವಂತೆ ಬರೆಯಲು ಹೇಳಿ, ಬರೆದದ್ದನ್ನು ತಾಳ್ಮೆಯಿಂದ ಓದುವುದಷ್ಟೇ ಅಧ್ಯಾಪಕರ ಕೈಯಲ್ಲಿರುವುದು.